ಒಣ ಎಲೆ ಕೂಡಿಡುವ ಕಾಲ: ಕೊಡಗಿನ ಒಂದು ಮನೆಯ ಪ್ರಕರಣ

2024ರ ಜೂನ್ 5ರಂದು ನಮ್ಮ ಶಾಲೆಯಲ್ಲಿ ವಿಶ್ವ ಪರಿಸರ ದಿನ ಆಚರಿಸಿದೆವು. ಮಕ್ಕಳಿಗೆ ಹೇಳಿದ್ದನ್ನು ಮೊದಲು ನಮ್ಮ ಮನೆಯಲ್ಲಿ ಮಾಡಿ ನೋಡಬೇಕು ಅನ್ನಿಸಿತು. ಆ ಶನಿವಾರ ಮಡಿಕೇರಿಯಲ್ಲಿ ಮೂರು ಬಣ್ಣದ ಬಕೆಟ್, ಗೊಬ್ಬರ ಮಾಡುವ ಎರಡು ಮಣ್ಣಿನ ಮಡಕೆ, ಹನ್ನೆರಡು ಬಟ್ಟೆ ಚೀಲ ಕೊಂಡು ಸೋಮವಾರಪೇಟೆಯ ಬಸ್ ಹತ್ತಿದೆ. ಮನೆಯಲ್ಲಿ ಎಲ್ಲರೂ ಒಪ್ಪಿದರು. ಸೆಪ್ಟೆಂಬರ್ ಮೊದಲ ವಾರ ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಮನೆ ಗುಡಿಸಿ ಸಾರಿಸುವ ಹೊತ್ತಿಗೆ ಮಡಕೆಗಳು ಹಿತ್ತಿಲಲ್ಲಿ ಬೋರಲು ಬಿದ್ದಿದ್ದವು. ಒಂದು ಬಕೆಟ್ ಕೋಳಿಗೂಡಿನ ನೀರಿಗೆ ಹೋಗಿತ್ತು, ಇನ್ನೊಂದರಲ್ಲಿ ಒಗೆಯುವ ಬಟ್ಟೆ ನೆನೆಯುತ್ತಿತ್ತು. ಬಟ್ಟೆ ಚೀಲಗಳಿಗೆ ಬೂಸ್ಟು ಹಿಡಿದಿತ್ತು.

ಅದೇ ವರ್ಷ ಸುಗ್ಗಿಯ ಹಬ್ಬವಾದ ಹುತ್ತರಿ ಕಳೆದ ಮೇಲೆ ಇನ್ನೊಮ್ಮೆ ಆರಂಭಿಸಿದೆವು. ಆ ಎರಡನೆಯ ಪ್ರಯತ್ನ ಒಂದು ಪೂರ್ತಿ ಮಳೆಗಾಲ ದಾಟಿ ಇಂದಿಗೂ ಉಳಿದಿದೆ. ಮನೆ ಅದೇ, ಜನ ಅವರೇ, ಬೇಕೆಂದ ಬದಲಾವಣೆಗಳೂ ಹೆಚ್ಚು ಕಡಿಮೆ ಅವೇ. ಹಾಗಿದ್ದರೆ ಮೊದಲನೆಯದು ಸೋತದ್ದೇಕೆ, ಎರಡನೆಯದು ನಿಂತದ್ದೇಕೆ ಎಂಬುದನ್ನು ಬರೆದಿಡುವ ಪ್ರಯತ್ನ ಇದು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಾವು ತಪ್ಪು ತಿಂಗಳಲ್ಲಿ ಆರಂಭಿಸಿದ್ದೆವು, ಕೆಲಸವನ್ನೆಲ್ಲ ಒಬ್ಬರ ಹೆಗಲಿಗೆ ಹಾಕಿದ್ದೆವು. ಪರಿಸರದ ಕಾಳಜಿ ಆ ಮನೆಯಲ್ಲಿ ಯಾರಿಗೂ ಕಡಿಮೆ ಇರಲಿಲ್ಲ.

ಮನೆ, ಜನ

ಮಡಿಕೇರಿ–ಸೋಮವಾರಪೇಟೆ ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗೆ, ಇಳಿಜಾರಿನಲ್ಲಿ ನಮ್ಮ ಮನೆ. ಸುತ್ತ ಏಳು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ಕಾಲೇಜಿಗೆ ಹೋಗುವ ಅಣ್ಣನ ಮಗಳು, ಹೈಸ್ಕೂಲಿನಲ್ಲಿರುವ ಮಗ. ನಾನು ವಾರದ ದಿನಗಳಲ್ಲಿ ಮಡಿಕೇರಿಯ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ಮನೆಗೆ ಬರುತ್ತೇನೆ. ತೋಟದ ಅಂಚಿನಲ್ಲಿ ಕೆಲಸಗಾರರ ಎರಡು ಲೈನ್ ಮನೆಗಳಿವೆ; ಅಲ್ಲಿ ಎರಡು ಕುಟುಂಬಗಳು ಇವೆ.

ಮನೆಯ ಕೆಳಗೆ ಒಂದು ಕೊಲ್ಲಿ, ಅಂದರೆ ಸಣ್ಣ ತೊರೆ, ಹರಿಯುತ್ತದೆ. ಅದರ ನೀರು ಹಟ್ಟಿಹೊಳೆಯ ಕಡೆಗೆ ಇಳಿದು ಹಾರಂಗಿಯನ್ನು ಸೇರುತ್ತದೆ; ಹಾರಂಗಿ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಮುಂದೆ ಕೃಷ್ಣರಾಜಸಾಗರ. ಇದನ್ನು ಪಾಠದಲ್ಲಿ ನೂರು ಸಲ ಹೇಳಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಸುಡಲಾಗದ ಕಸ ಮಳೆಗಾಲದಲ್ಲಿ ಸೇರುತ್ತಿದ್ದದ್ದು ಅದೇ ಕೊಲ್ಲಿಗೆ. ಬೇಸಿಗೆಯಲ್ಲಿ ಹಿತ್ತಿಲ ಗುಂಡಿಯಲ್ಲಿ ಸುಡುತ್ತಿದ್ದೆವು: ಹಾಲಿನ ಪ್ಯಾಕೆಟ್, ಸೋಪಿನ ಪುಡಿಯ ಕವರ್, ಚಿಪ್ಸ್ ಪೊಟ್ಟಣ, ಔಷಧದ ಖಾಲಿ ಪಟ್ಟಿ, ಎಲ್ಲವೂ ಒಂದೇ ಬೆಂಕಿಗೆ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳ ನಿಷೇಧ ಬಂತು. ದೇಶದಾದ್ಯಂತ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳಂಥ ಹಲವು ವಸ್ತುಗಳು ನಿಷೇಧವಾದವು. ನಮ್ಮ ಗುಂಡಿಯಲ್ಲಿದ್ದದ್ದು ಬಹುಪಾಲು ಆ ಪಟ್ಟಿಗೆ ಸೇರದ ಕಸ. ಅಂಗಡಿಯಿಂದ ಸರಕು ಬರುವಾಗಲೇ ಹೊದ್ದುಕೊಂಡು ಬರುವ ಕವರ್‌ಗಳು ಅವು.

ಮೊದಲ ಮಳೆಗಾಲ

ಕೊಡಗಿನವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ, ಹೊರಗಿನ ಓದುಗರಿಗಾಗಿ ಬರೆಯುತ್ತೇನೆ. ಜೂನ್ ಎಂದರೆ ಇಲ್ಲಿ ಹೊಸದೇನನ್ನೂ ಆರಂಭಿಸುವ ತಿಂಗಳಲ್ಲ. ಸೌದೆ ಒಳಗೆ ಸೇರಿರಬೇಕು, ಮೆಣಸು ಒಣಗಿ ಡಬ್ಬಿಗೆ ಬಿದ್ದಿರಬೇಕು, ಹೆಂಚು ಕೈಯಾಡಿಸಿ ಮುಗಿದಿರಬೇಕು. ಮಳೆ ಹಿಡಿದರೆ ಹೊರಗಿನ ಕೆಲಸ ನಿಲ್ಲುತ್ತದೆ. ಮನೆಯೊಳಗಿನ ಕೆಲಸ ಇಮ್ಮಡಿಯಾಗುತ್ತದೆ. ಒಂದು ಸೀರೆ ಒಣಗಲು ಬಚ್ಚಲ ಒಲೆಯ ಶಾಖದಲ್ಲಿ ಎರಡು ದಿನ ಬೇಕು. ಇಂಥ ಹೊತ್ತಿನಲ್ಲಿ ನಾನು ಅತ್ತಿಗೆಗೆ ಹೇಳಿದ್ದು: ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಇಡಿ.

ಎಲ್ಲಿ ಒಣಗಿಸುವುದು? ತೊಳೆದ ಪ್ಯಾಕೆಟ್‌ಗಳು ಒಣಗದೆ ಒಂದಕ್ಕೊಂದು ಅಂಟಿ ನಾಲ್ಕೇ ದಿನದಲ್ಲಿ ಹುಳಿ ನಾತ ಬಂತು. ಮಡಕೆಯ ಗೊಬ್ಬರದ ಕಥೆ ಇನ್ನೂ ಕೆಟ್ಟದ್ದು. ಮಡಕೆ ಮಾರಿದವರು ಕೊಟ್ಟ ಚೀಟಿಯಲ್ಲಿ ಹಸಿ ಕಸದ ಮೇಲೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹರಡಿ ಎಂದಿತ್ತು. ನಾರಿನ ಪುಡಿಯ ಚೀಲ ಮೂರು ವಾರಕ್ಕೆ ಮುಗಿಯಿತು. ಜುಲೈನಲ್ಲಿ ನಮ್ಮ ತೋಟದಲ್ಲಿ ಒಣ ಎಲೆ ಹುಡುಕುವುದು ಹೇಗೆ? ಗಾಳಿಯಲ್ಲೇ ನೀರು ತುಂಬಿರುತ್ತದೆ. ಅನ್ನ, ಸಾರು, ತರಕಾರಿ ಸಿಪ್ಪೆ ಎಲ್ಲ ಮಡಕೆಯಲ್ಲಿ ಕಪ್ಪು ಗಂಜಿಯಾಗಿ ಹುಳು ಬಿತ್ತು. ಮಡಕೆ ಇಟ್ಟಿದ್ದ ಜಾಗ ಅಡುಗೆಮನೆಯಿಂದ ಅರವತ್ತು ಹೆಜ್ಜೆ ದೂರ, ಪಾಚಿ ಹಿಡಿದ ಮೆಟ್ಟಿಲು ದಾಟಿ. ಅತ್ತಿಗೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಕೆಟ್ ಹಿಡಿದು ದಿನಕ್ಕೆ ಎರಡು ಸಲ ಹೋಗಿ ಬಂದು, ಕಾಲಿನ ಜಿಗಣೆ ಕಿತ್ತು, ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದರು. ಪಂಚಾಯಿತಿಯ ಕಸದ ವಾಹನ ಮಳೆ ಜೋರಾದ ಮೇಲೆ ರಸ್ತೆಯ ತುದಿಗೂ ಬರಲಿಲ್ಲ. ಒಣ ಕಸ ಜಗಲಿಯ ಮೂಲೆಯಲ್ಲಿ ಐದು ಗೋಣಿಚೀಲವಾಗಿ ಕುಳಿತಿತು.

ಆಗಸ್ಟಿನ ಒಂದು ಭಾನುವಾರ ನಾನು ಬಂದಾಗ ಆ ಚೀಲಗಳು ಇರಲಿಲ್ಲ. ಕೇಳಿದೆ. ಅತ್ತಿಗೆ ರೊಟ್ಟಿ ತಟ್ಟುತ್ತಲೇ ಹೇಳಿದರು: "ನೀನು ಸೋಮವಾರ ಬೆಳಿಗ್ಗೆ ಬಸ್ ಹತ್ತುತ್ತೀಯ. ಬಕೆಟ್ ಇಲ್ಲೇ ಇರುತ್ತದೆ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಆ ರಾತ್ರಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಪಟ್ಟಿ ಮಾಡಿದೆ: ನಾನು ಜೂನ್‌ನಲ್ಲಿ ಮನೆಗೆ ತಂದ ಹೊಸ ಕೆಲಸಗಳು ಯಾವುವು, ಪ್ರತಿಯೊಂದನ್ನು ಯಾರು ಮಾಡುತ್ತಿದ್ದಾರೆ. ಕಸ ಬೇರ್ಪಡಿಸುವುದು, ಪ್ಯಾಕೆಟ್ ತೊಳೆಯುವುದು, ಮಡಕೆಗೆ ಹಾಕುವುದು, ಕಲಕುವುದು, ಬಕೆಟ್ ತೊಳೆಯುವುದು, ಚೀಲ ಒಗೆಯುವುದು, ಸಂತೆಗೆ ಹೋಗುವವರಿಗೆ ಚೀಲ ನೆನಪಿಸುವುದು... ಹನ್ನೊಂದು ಕೆಲಸಗಳಲ್ಲಿ ಒಂಬತ್ತರ ಮುಂದೆ ಅತ್ತಿಗೆಯ ಹೆಸರಿತ್ತು. ಒಂದರ ಮುಂದೆ ಅವ್ವ. ಇನ್ನೊಂದನ್ನು ಯಾರೂ ಮಾಡುತ್ತಿರಲಿಲ್ಲ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

ಸುಸ್ಥಿರ ಬದುಕಿನ ಬಗ್ಗೆ ನಾವು ಬರೆಯುವ, ಹಂಚುವ ಎಷ್ಟೋ ಸಲಹೆಗಳು ಅಡುಗೆಮನೆಯ ಒಳಗೇ ಮುಗಿಯುತ್ತವೆ. ಅಲ್ಲಿ ಆಗಲೇ ಬೆಳಿಗ್ಗೆ ಐದಕ್ಕೆ ಎದ್ದು ದುಡಿಯುತ್ತಿರುವವರ ಮೇಲೆ ಅವು ಇನ್ನೊಂದು ಗಂಟೆಯ ಕೆಲಸವಾಗಿ ಬೀಳುತ್ತವೆ. ಈ ಲೆಕ್ಕವನ್ನು ಮೊದಲು ಮಾಡದೆ ನಾನು ಆರಂಭಿಸಿದ್ದು ನನ್ನ ತಪ್ಪು, ಅದನ್ನು ಅತ್ತಿಗೆಯ ಮುಂದೆಯೇ ಒಪ್ಪಿಕೊಂಡೆ.

ಹುತ್ತರಿಯ ನಂತರ

ಡಿಸೆಂಬರಿನಲ್ಲಿ ಹುತ್ತರಿ ಮುಗಿದು, ಕಾಫಿ ಕೊಯ್ಲಿಗೆ ಮೊದಲು ಸಿಗುವ ಒಂದೆರಡು ಬಿಡುವಿನ ಸಂಜೆಗಳಲ್ಲಿ ಎಲ್ಲರೂ ಬೆಂಕಿಯ ಮುಂದೆ ಕುಳಿತೆವು. ಈ ಸಲ ಪಟ್ಟಿ ಮಾಡಿದ್ದು ಅತ್ತಿಗೆ. ನಾನು ಬರೆದುಕೊಂಡೆ, ಅಷ್ಟೆ. ಅವರು ಮೊದಲು ಹೊಡೆದು ಹಾಕಿದ್ದು ಮನೆಯಲ್ಲೇ ಹಣ್ಣಿನ ಸಿಪ್ಪೆಯಿಂದ ಪಾತ್ರೆ ತೊಳೆಯುವ ದ್ರವ ಮಾಡುವ ನನ್ನ ಯೋಜನೆಯನ್ನು. ಮೂರು ತಿಂಗಳು ಡಬ್ಬಿ ಕಾಯುವ ಕೆಲಸ ಬೇಡ, ಒಲೆಯ ಬೂದಿ ಇದೆ, ತೆಂಗಿನ ನಾರಿದೆ, ಕರಿ ಹಿಡಿದ ಪಾತ್ರೆಗೆ ಅದೇ ಸಾಕು ಎಂದರು. ಮಡಕೆಗಳೂ ಬೇಡವೆಂದರು. ಹಸು ಇದ್ದಾಗ ಕೊಟ್ಟಿಗೆಯ ಪಕ್ಕ ಗೊಬ್ಬರದ ಗುಂಡಿ ಇತ್ತಲ್ಲ, ಅದನ್ನೇ ಅಡುಗೆಮನೆಯ ಹತ್ತಿರಕ್ಕೆ ತಂದರೆ ಆಯಿತು ಎಂದರು ಅವ್ವ.

ಕೊನೆಗೆ ಉಳಿದದ್ದು ಐದಾರು ವಿಷಯ. ಪ್ರತಿಯೊಂದಕ್ಕೂ ಒಬ್ಬರ ಹೆಸರು ಬರೆದೆವು. "ಎಲ್ಲರೂ ಮಾಡೋಣ" ಎಂಬ ಸಾಲು ಪಟ್ಟಿಯಲ್ಲಿ ಇರಕೂಡದು ಎಂಬುದು ಅತ್ತಿಗೆಯ ಷರತ್ತು. ಗುಂಡಿ ಮತ್ತು ಒಣ ಎಲೆ ಹುಡುಗನದು. ಅಂಗಡಿ, ಸಂತೆ, ಮಾಂಸದ ಡಬ್ಬಿ ಅಣ್ಣನದು. ವಿದ್ಯುತ್ ಮೀಟರ್ ಮತ್ತು ಮಳೆಯ ಲೆಕ್ಕ ಹುಡುಗಿಯದು. ಪ್ಲಾಸ್ಟಿಕ್ ತೊಳೆಯುವುದು, ಸಾಗಿಸುವುದು ನನ್ನದು. ಬಚ್ಚಲ ಒಲೆ ಅವ್ವನದು. ಅತ್ತಿಗೆಗೆ ಬರೆದದ್ದು ಒಂದೇ: ಅಡುಗೆಯ ಕಸವನ್ನು ಎರಡು ಪಾತ್ರೆಗೆ ಹಾಕುವುದು.

ಗುಂಡಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಲೆನಾಡಿನಲ್ಲಿ ಮನೆಗೊಬ್ಬರ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆ, ಅನ್ನ, ಚಹಾ ಚರಟದಲ್ಲಿ ಸಾರಜನಕವೂ ನೀರೂ ಹೆಚ್ಚು; ಇಂಗಾಲ ಇರುವುದು ಒಣ ಎಲೆ, ಹೊಟ್ಟು, ಕಡ್ಡಿಗಳಲ್ಲಿ. ಒಣದ್ದು ಕಡಿಮೆಯಾದರೆ ರಾಶಿಯೊಳಗೆ ಗಾಳಿ ಆಡುವುದಿಲ್ಲ, ಗಾಳಿಯಿಲ್ಲದೆ ಬದುಕುವ ಜೀವಿಗಳು ಮೇಲುಗೈ ಪಡೆದು ನಾತ ಹುಟ್ಟಿಸುತ್ತವೆ. ನಮ್ಮ ಮಡಕೆಗಳಲ್ಲಿ ಆದದ್ದು ಇದೇ. ಹಾಗಾಗಿ ಕೊಡಗಿನಲ್ಲಿ ಗೊಬ್ಬರದ ಗುಂಡಿಯ ನಿಜವಾದ ಕೆಲಸ ನಡೆಯಬೇಕಾದದ್ದು ಜನವರಿಯಿಂದ ಏಪ್ರಿಲ್‌ವರೆಗೆ, ಎಲೆ ಉದುರಿ ಗರಿಗರಿಯಾಗಿ ಒಣಗುವ ಕಾಲದಲ್ಲಿ. ಮಳೆಗಾಲಕ್ಕೆ ಸೌದೆ ಕೂಡಿಡುವಂತೆ ಎಲೆ ಕೂಡಿಡಬೇಕು. ಈ ಮಾತು ಹೊಳೆದದ್ದು ಅವ್ವನಿಗೆ. "ಸೌದೆ ಇಲ್ಲದೆ ಕಕ್ಕಡಕ್ಕೆ (ಜೋರು ಮಳೆಯ ತಿಂಗಳಿಗೆ) ಯಾರಾದರೂ ಕಾಲಿಡುತ್ತಾರೆಯೇ?" ಎಂದು ಕೇಳಿದರು. ನನಗೆ ಜೂನ್‌ನಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಎಲೆ ಎಲ್ಲಿಂದ ಎಂಬುದರಲ್ಲಿ ಅಣ್ಣ ಕಟ್ಟುನಿಟ್ಟು. ಕಾಫಿ ಗಿಡದ ಬುಡದ ತರಗೆಲೆ ಮುಟ್ಟಕೂಡದು. ಅದು ಬೇಸಿಗೆಯಲ್ಲಿ ಮಣ್ಣಿನ ತೇವ ಹಿಡಿದು, ಮಳೆಗಾಲದಲ್ಲಿ ಇಳಿಜಾರಿನ ಮಣ್ಣು ಕೊಚ್ಚಿ ಹೋಗದಂತೆ ಕಾಯುವ ಹೊದಿಕೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆಯ ಕಡೆ ಬೆಟ್ಟಗಳೇ ಜಾರಿ ಬಂದದ್ದನ್ನು ಕಂಡವರಿಗೆ ಮಣ್ಣಿನ ಮೇಲೆ ಕೈ ಹಾಕುವಾಗ ಕೈ ಹಿಂಜರಿಯುತ್ತದೆ. ಆದ್ದರಿಂದ ಅಂಗಳ, ಕಾಫಿ ಒಣಗಿಸುವ ಕಣ, ಮನೆಗೆ ಬರುವ ದಾರಿ, ಇಷ್ಟರಲ್ಲಿ ಗುಡಿಸಿದ ಎಲೆ ಮಾತ್ರ. ಹಿಂದೆ ಗುಡಿಸಿ ಸುಡುತ್ತಿದ್ದದ್ದೂ ಇದನ್ನೇ. ಹಲಸು, ಅತ್ತಿ, ಹಾಲವಾಣದ ಎಲೆ ಬೇಗ ಕರಗುತ್ತದೆ. ಸಿಲ್ವರ್ ಓಕ್ ಎಲೆ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಹುಡುಗ ಇದನ್ನು ಕಲಿತದ್ದು ಮೊದಲ ರಾಶಿ ಅಗೆದಾಗ. ನಂತರ ಓಕ್ ಎಲೆಯನ್ನು ಬೇರೆ ಚೀಲಕ್ಕೆ ಹಾಕಿ, ತಳದಲ್ಲಿ ಗಾಳಿಯಾಡಲು ಮಾತ್ರ ಬಳಸಿದ.

ಗುಂಡಿಯ ಜಾಗ ಅಡುಗೆಮನೆಯ ಹಿಂಬಾಗಿಲಿನಿಂದ ಹನ್ನೆರಡು ಹೆಜ್ಜೆ. ಆರು ಅಡಿಗೆ ನಾಲ್ಕು ಅಡಿ, ಆಳ ಎರಡೂವರೆ ಅಡಿ, ಸುತ್ತ ಒಂದು ಸಾಲು ಇಟ್ಟಿಗೆ, ಮಳೆನೀರು ಒಳನುಗ್ಗದಂತೆ ಮೇಲ್ಬದಿಗೆ ಸಣ್ಣ ಚರಂಡಿ. ಮೇಲೆ ನಾಲ್ಕು ಕಂಬಕ್ಕೆ ತಗಡಿನ ಶೀಟು, ಅದು ಅಡುಗೆಮನೆಯ ಸೂರಿಗೆ ತಾಗುವಂತಿದೆ, ಹೋಗಿಬರುವವರ ತಲೆ ನೆನೆಯುವುದಿಲ್ಲ. ಖರ್ಚು ನಾನು ಕೊಟ್ಟೆ. ಒಂದು ಪಾತ್ರೆ ಹಸಿ ಕಸಕ್ಕೆ ಅದೇ ಅಳತೆಯ ಎರಡರಿಂದ ಮೂರು ಪಾತ್ರೆ ಎಲೆ, ವಾರಕ್ಕೊಮ್ಮೆ ಒಂದು ಬಾಣಲೆ ಹಳೆ ಗೊಬ್ಬರ. ರಾಶಿಯಿಂದ ಹಿಡಿಯಷ್ಟು ತೆಗೆದು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು. ನೀರು ಇಳಿದರೆ ಇನ್ನಷ್ಟು ಎಲೆ. ಮೀನು, ಮಾಂಸದ ಚೂರು ಹಾಕುವುದಿಲ್ಲ, ನಾಯಿ ಮತ್ತು ಕಾಡುಹಂದಿ ಅಗೆಯುತ್ತವೆ. ಅನ್ನಕ್ಕೆ ಇಲಿ ಬಂದಾಗ ಮೇಲೆ ತಂತಿಬಲೆಯ ಚೌಕಟ್ಟು ಮಾಡಿಸಿದೆವು.

ಮಳೆಗಾಲದ ನಾಲ್ಕು ತಿಂಗಳಿಗೆಂದು ಲೆಕ್ಕ ಹಾಕಿ ಹದಿನೆಂಟು ಕಾಫಿ ಚೀಲದಷ್ಟು ಎಲೆಯನ್ನು ಒತ್ತಿ ತುಂಬಿ ಸೌದೆ ಕೊಟ್ಟಿಗೆಯಲ್ಲಿ ಪೇರಿಸಿದೆವು. ಆದರೆ 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ವಾಡಿಕೆಯ ಜೂನ್ 1ಕ್ಕಿಂತ ಎಂಟು ದಿನ ಮೊದಲು. ಮೇ ಕೊನೆಯ ವಾರದಲ್ಲೇ ನಮ್ಮಲ್ಲಿ ಅಂಗಳ ನೀರಾಯಿತು. ಎಲೆ ಆಗಸ್ಟ್ ಮಧ್ಯಕ್ಕೆ ಖಾಲಿ. ಆ ವಾರ ಹುಡುಗ ಅಳುವುದೊಂದು ಬಾಕಿ. ಅಣ್ಣ ಪರಿಚಯದವರ ಬಳಿ ಹೇಳಿ ಕಾಫಿ ಹೊಟ್ಟು ನಾಲ್ಕು ಚೀಲ ತಂದರು, ಅದು ಸೆಪ್ಟೆಂಬರ್ ದಾಟಿಸಿತು. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣದ ವಾರ ಗುಂಡಿಯ ಒಂದು ಬದಿ ತೆರೆದಾಗ ಕಪ್ಪನೆಯ, ಮಳೆ ಬಿದ್ದ ಕಾಡಿನ ವಾಸನೆಯ ಗೊಬ್ಬರ ಸಿಕ್ಕಿತು. ಅದು ಕೆಸುವಿನ ಪಾತಿಗೆ ಹೋಯಿತು.

ಕವರ್‌ಗಳ ದಾರಿ

ನನ್ನ ಪಾಲಿಗೆ ಬಂದ ಕೆಲಸದಿಂದ ನಾನು ಕಲಿತದ್ದು ಹೆಚ್ಚು. ಪ್ಯಾಕೆಟ್‌ನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬಾರದು, ಒಂದು ಎಳೆ ಅಂಟಿಕೊಂಡಿರುವಂತೆ ಕತ್ತರಿಸಬೇಕು. ಆ ಚೂರು ಒಮ್ಮೆ ಕೈ ತಪ್ಪಿದರೆ ಮಣ್ಣಿಗೇ. ಪ್ಯಾಕೆಟ್ ಉದ್ದುದ್ದ ಸೀಳಿ ಬಿಡಿಸಿದರೆ ಒಂದೇ ಸಲಕ್ಕೆ ತೊಳೆಯುತ್ತದೆ, ಒಳಗೆ ನೀರು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಒಣಗಿಸಲು ಬಚ್ಚಲ ಒಲೆಯ ಎದುರು ಗೋಡೆಗೆ ಒಂದು ತಂತಿ, ಬಟ್ಟೆ ಕ್ಲಿಪ್ಪು. ಬೆಂಕಿಯಿಂದ ನಾಲ್ಕು ಅಡಿ ದೂರ. ಇದನ್ನೆಲ್ಲ ಶನಿವಾರ ರಾತ್ರಿ ನಾನೇ ಮಾಡುತ್ತೇನೆ. ಸೋಮವಾರ ಒಂದು ಚೀಲ ನನ್ನೊಂದಿಗೆ ಬಸ್ ಹತ್ತುತ್ತದೆ. ಮಡಿಕೇರಿಯ ಗುಜರಿಯವರು ಹಾಲಿನ ಪ್ಯಾಕೆಟ್, ಗಟ್ಟಿ ಡಬ್ಬಿ, ಬಾಟಲಿ ತೆಗೆದುಕೊಳ್ಳುತ್ತಾರೆ. ಒಳಗೆ ಬೆಳ್ಳಿ ಬಣ್ಣ ಇರುವ ಚಿಪ್ಸ್, ಬಿಸ್ಕತ್ ಕವರ್‌ಗಳು ಬೇಡವೆನ್ನುತ್ತಾರೆ, ಪದರ ಪದರವಾಗಿ ಬೇರೆ ಬೇರೆ ವಸ್ತು ಅಂಟಿಸಿರುವುದರಿಂದ ಮರುಬಳಕೆ ಕಷ್ಟ. ಅವು ಪಂಚಾಯಿತಿ ವಾಹನ ಬಂದ ದಿನ ಅದಕ್ಕೆ; ಬಾರದ ತಿಂಗಳಲ್ಲಿ ಚೀಲದಲ್ಲೇ ಕಾಯುತ್ತವೆ. ಸುಡುವುದಂತೂ ನಿಂತಿದೆ. ಹಸಿರು ನ್ಯಾಯಮಂಡಳಿ 2016ರಲ್ಲೇ ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡ ಎಂದಿತ್ತು. ದಂಡಕ್ಕೆ ಹೆದರಿ ನಾವು ನಿಲ್ಲಿಸಲಿಲ್ಲ. ಅವ್ವನ ಕೆಮ್ಮು ನೋಡಲಾಗದೆ ನಿಲ್ಲಿಸಿದೆವು.

ಕವರ್ ಬರುವುದನ್ನೇ ಕಡಿಮೆ ಮಾಡಿದ್ದು ಅಣ್ಣನ ಕೆಲಸ. ನೆರೆಯವರ ಹಸುವಿನ ಹಾಲು ಕ್ಯಾನಿನಲ್ಲಿ ಬರುತ್ತದೆ, ಹಸು ಬತ್ತಿದ ತಿಂಗಳಲ್ಲಿ ಮಾತ್ರ ಪ್ಯಾಕೆಟ್. ಶುಕ್ರವಾರದ ಮಡಿಕೇರಿ ಸಂತೆಯ ಚೀಲಗಳು ಈಗ ಕಪಾಟಿನಲ್ಲಿಲ್ಲ, ಜೀಪಿನ ಕೀಲಿ ನೇತುಹಾಕುವ ಮೊಳೆಗೇ ನೇತಾಡುತ್ತವೆ. ಕೀಲಿ ತೆಗೆದರೆ ಚೀಲ ಕೈಗೆ ಬರುತ್ತದೆ. ಮೊದಲ ಸಲ ಹನ್ನೆರಡು ಹೊಸ ಚೀಲ ಕೊಂಡಿದ್ದೆ. ಬೇಕಾಗಿದ್ದದ್ದು ಒಂದು ಮೊಳೆ. ಹಂದಿ ಮಾಂಸಕ್ಕೂ ಮೀನಿಗೂ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯುತ್ತಾರೆ. ಅಂಗಡಿಯವರು ಖಾಲಿ ಡಬ್ಬಿಯನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿಕೊಂಡು ತೂಗುತ್ತಾರೆ. ಮೊದಲ ವಾರ ಮುಖ ನೋಡಿದರಂತೆ, ಮೂರನೆಯ ವಾರ ಅವರೇ ಕೈ ಚಾಚಿದರಂತೆ.

ಮೀಟರ್, ಬಚ್ಚಲು, ಇಂಚು–ಸೆಂಟು

ವಿದ್ಯುತ್ತಿನ ವಿಷಯದಲ್ಲಿ ಒಂದು ತೊಡಕಿತ್ತು. 2023ರಿಂದ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ ಸೊನ್ನೆ. ಬಡ ಮನೆಗಳಿಗೆ ಅದು ದೊಡ್ಡ ಆಸರೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬಿಲ್ಲಿನ ಮೊತ್ತ ನೋಡಿ "ಈ ತಿಂಗಳು ಜಾಸ್ತಿ ಆಯಿತು" ಎನ್ನುವ ಸಂಭಾಷಣೆ ನಮ್ಮ ಮನೆಯಿಂದ ಮಾಯವಾಗಿತ್ತು. ಹುಡುಗಿ ಪ್ರತಿ ಭಾನುವಾರ ಸಂಜೆ ಏಳಕ್ಕೆ ಮೀಟರ್ ಓದಿ ಕ್ಯಾಲೆಂಡರಿನಲ್ಲಿ ಬರೆಯತೊಡಗಿದಳು. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯುನಿಟ್. ಇಡೀ ಮನೆಯ ದೀಪ, ಟಿವಿ, ಮಿಕ್ಸಿ ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ. ಗೀಸರ್ ಬಂದ ಮೇಲೆ ಅವ್ವನ ತಾಮ್ರದ ಹಂಡೆ ಅಟ್ಟ ಸೇರಿತ್ತು, ಅದನ್ನು ಇಳಿಸಿದೆವು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸೌದೆಯ ಒಲೆ ಹಳೆಯದು ಎಂಬ ಒಂದೇ ಕಾರಣಕ್ಕೆ ಒಳ್ಳೆಯದಾಗುವುದಿಲ್ಲ. ಮುಚ್ಚಿದ ಕೋಣೆಯ ಹೊಗೆ ಹೆಂಗಸರ ಶ್ವಾಸಕೋಶ ತಿನ್ನುತ್ತದೆ, ಆ ಕೆಮ್ಮನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ನಮ್ಮಲ್ಲಿ ಅದನ್ನು ಒಪ್ಪಿಕೊಂಡದ್ದು ಮೂರು ಕಾರಣಕ್ಕೆ. ಪ್ರತಿ ವರ್ಷ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳನ್ನು ಸವರುವಾಗ, ಬೀಳುವ ಕೊಂಬೆ ತೋಟದಲ್ಲೇ ಇದೆ, ಅದಕ್ಕೆಂದು ಮರ ಕಡಿಯಬೇಕಾಗಿಲ್ಲ. ಒಲೆಯ ಬಾಯಿ ಬಚ್ಚಲಿನ ಹೊರಗೋಡೆಯಲ್ಲಿದೆ, ಹೊಗೆಕೊಳವೆಯನ್ನು ಸೂರಿನ ಮೇಲಕ್ಕೆ ಎತ್ತರಿಸಿದೆವು. ಹೋದ ವರ್ಷ ಕಡಿದು ಪೂರ್ತಿ ಒಣಗಿದ ಸೌದೆ ಮಾತ್ರ ಉರಿಯುತ್ತದೆ. ಹಸಿ ಸೌದೆ ಹಾಕಿದರೆ ಅದರ ನೀರನ್ನು ಆವಿ ಮಾಡಲಿಕ್ಕೇ ಬೆಂಕಿಯ ಒಂದು ಪಾಲು ಖರ್ಚಾಗಿ ಹೊಗೆ ಹೆಚ್ಚುತ್ತದೆ. ಅವ್ವನಿಗೆ ಮೈ ಸರಿಯಿಲ್ಲದ ದಿನ ಗೀಸರ್. ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ.

ನೀರಿನದು ಬೇರೆಯೇ ಕಷ್ಟ. ಬೆಟ್ಟದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು ನಮಗೆ. 2018ರ ನಂತರ ಆ ಒರತೆ ಮಾರ್ಚ್‌ಗೆಲ್ಲ ಬೆರಳು ಗಾತ್ರವಾಗುತ್ತದೆ. ಮಳೆನೀರು ಹಿಡಿದರೆ ಸಾಕು ಎಂದು ಹೊರಗಿನವರು ಸುಲಭವಾಗಿ ಹೇಳುತ್ತಾರೆ. ಜುಲೈನಲ್ಲಿ ಬಿದ್ದ ನೀರನ್ನು ಮಾರ್ಚ್‌ವರೆಗೆ ಇಡಲು ಕೆರೆಯೇ ಬೇಕು. ಮನುಷ್ಯನಿಗೆ ದಿನಕ್ಕೆ 55 ಲೀಟರಿನಂತೆ ಆರು ಜನಕ್ಕೆ 330 ಲೀಟರ್. ನಮ್ಮ 5,000 ಲೀಟರಿನ ತೊಟ್ಟಿ ಹದಿನೈದು ದಿನಕ್ಕೆ ಖಾಲಿ. ಆದರೂ ಸೂರಿನ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿಸಿದೆವು, ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಮೇಲೆ ಕಣ್ಣಿಟ್ಟು. ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಯನ್ನು ಇಂದಿಗೂ ಇಂಚು–ಸೆಂಟಿನಲ್ಲಿ ಅಳೆದು ಬರೆಯುತ್ತಾರೆ; ನೂರು ಸೆಂಟಿಗೆ ಒಂದು ಇಂಚು. "ನಿಮ್ಮಲ್ಲಿ ಎಷ್ಟು?" "ಒಂದು ಇಂಚು ಇಪ್ಪತ್ತು ಸೆಂಟು." ಹುಡುಗಿ ಆ ಲೆಕ್ಕವನ್ನು ಸೂರಿಗೆ ತಂದಳು: ಸಾವಿರ ಚದರ ಅಡಿ ಸೂರಿನ ಮೇಲೆ ಒಂದು ಇಂಚು ಬಿದ್ದರೆ 2,360 ಲೀಟರ್. ಸಿಡಿದು ಹೋಗುವುದನ್ನು, ಮೊದಲ ಧೂಳಿನ ನೀರು ಹೊರಬಿಡುವುದನ್ನು ಕಳೆದರೂ ಆರು ದಿನದ ನೀರು. ಅಂದಿನಿಂದ ಮಳೆ ಬಂದಾಗ ಅಣ್ಣ ಕಾಫಿ ಹೂವಿನ ಮಾತು ಆಡಿದರೆ ಹುಡುಗಿ ತೊಟ್ಟಿಯ ಮಾತು ಆಡುತ್ತಾಳೆ.

ಅಪ್ಪನ ತಿಥಿ

ನೀರು ಅತ್ಯಂತ ಕಡಿಮೆ ಇದ್ದ 2025ರ ಮಾರ್ಚ್‌ನಲ್ಲೇ ಅಪ್ಪನ ವರ್ಷದ ತಿಥಿ ಬಂತು. ನೂರ ಇಪ್ಪತ್ತು ಜನ. ಹಿಂದಿನ ವರ್ಷ ಸಣ್ಣ ನೀರಿನ ಬಾಟಲಿ, ಒಳಗೆ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟ ಮತ್ತು ತಟ್ಟೆ, ಮರುದಿನ ಎಲ್ಲವೂ ಗುಂಡಿಯ ಬೆಂಕಿಗೆ. ಈ ಸಲ ನಾನು ಸ್ಟೀಲ್ ತಟ್ಟೆ ಎಂದೆ, ಸ್ತ್ರೀಶಕ್ತಿ ಸಂಘದಲ್ಲಿ ಬಾಡಿಗೆಗೆ ಸಿಗುತ್ತವೆ. ಅತ್ತಿಗೆ ತಕ್ಷಣ ಕೇಳಿದರು: ತೊಳೆಯುವವರು ಯಾರು, ತೊಳೆಯಲು ನೀರೆಲ್ಲಿ? ಒರತೆ ಬತ್ತಿದ ತಿಂಗಳಲ್ಲಿ ನೂರ ಇಪ್ಪತ್ತು ತಟ್ಟೆ ತೊಳೆಯುವುದು ಪರಿಸರಕ್ಕೆ ಒಳ್ಳೆಯದೇ ಎಂದು ನನಗೂ ಹೇಳಲಾಗಲಿಲ್ಲ. ಊಟಕ್ಕೆ ತೋಟದ ಬಾಳೆ ಎಲೆ, ಲೋಟ ಮಾತ್ರ ಸ್ಟೀಲಿನದು ಎಂದು ತೀರ್ಮಾನವಾಯಿತು. ಉಂಡ ಎಲೆ ಗುಂಡಿಗೆ.

ಚಿಕ್ಕಪ್ಪನಿಗೆ ಇದು ಸರಿ ಕಾಣಲಿಲ್ಲ. "ಬಂದವರಿಗೆ ಬಾಟಲಿ ನೀರೂ ಕೊಡದಿದ್ದರೆ ಮನೆಯ ಮರ್ಯಾದೆ ಏನಾಗಬೇಕು?" ಎಂದರು. ಅವರ ಅಳುಕಿನಲ್ಲಿ ಹುರುಳಿತ್ತು; 2018ರ ಮಳೆಯ ನಂತರ ಶುದ್ಧ ನೀರೆಂದರೆ ಬಾಟಲಿ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅತ್ತಿಗೆ ವಾದಕ್ಕೆ ಹೋಗಲಿಲ್ಲ. ದೊಡ್ಡ ಹಂಡೆಯಲ್ಲಿ ಜೀರಿಗೆ ಹಾಕಿ ನೀರು ಕುದಿಸಿದರು. ಹುಡುಗರಿಬ್ಬರು ಕೂಜ ಹಿಡಿದು ಸಾಲಿನುದ್ದಕ್ಕೂ ಬಿಸಿಬಿಸಿ ಬಡಿಸಿದರು. ಲೋಟ ತೊಳೆಯುವ ಕೆಲಸಕ್ಕೆ ಕುಳಿತದ್ದು ಅಣ್ಣ ಮತ್ತು ಅವರ ಇಬ್ಬರು ಭಾವಂದಿರು. ಹೆಂಗಸರು ಆ ಕಡೆ ಬರಕೂಡದೆಂದು ಅವ್ವ ಮೊದಲೇ ಹೇಳಿದ್ದರು. ಚಿಕ್ಕಪ್ಪ ಎರಡನೆಯ ಸಲ ಲೋಟ ಚಾಚಿದ್ದನ್ನು ನಾನು ಕಣ್ಣಾರೆ ಕಂಡೆ.

ಆಗದೆ ಉಳಿದದ್ದು

ಹುಡುಗನ ಚಿಪ್ಸ್ ನಿಂತಿಲ್ಲ. ನಿಲ್ಲಿಸಬೇಕೆಂದು ಒತ್ತಾಯಿಸಿಯೂ ಇಲ್ಲ. ಗುಂಡಿ ಕಾಯುವವನು ಅವನು.

ಮುಟ್ಟಿನ ಪ್ಯಾಡುಗಳ ವಿಷಯವನ್ನು ಇಂಥ ಬರಹಗಳು ಬಿಟ್ಟುಬಿಡುತ್ತವೆ. ನಮ್ಮಲ್ಲಿ ಬಟ್ಟೆಗೆ ಮರಳಿ ಎಂದು ಹೇಳುವವರಿದ್ದಾರೆ. ಬಟ್ಟೆಯನ್ನು ಬಿಸಿಲಿಗೆ ಒಣಗಿಸದಿದ್ದರೆ ಸೋಂಕು ಖಚಿತ ಎಂಬ ಭಯ ಅತ್ತಿಗೆಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೆಲ್ಲಿದೆ? ಹುಡುಗಿ ಸಿಲಿಕೋನ್ ಮುಟ್ಟಿನ ಬಟ್ಟಲಿಗೆ ತಾನಾಗಿ ಬದಲಾಯಿಸಿಕೊಂಡಳು. ಚೆನ್ನಾಗಿ ಕುದಿಸಿ ಇಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಅತ್ತಿಗೆಗೆ ಅದು ಒಗ್ಗಲಿಲ್ಲ. ಅವರ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಇಟ್ಟು ವಾಹನಕ್ಕೆ ಕೊಡುತ್ತೇವೆ. ಇದರಾಚೆ ನಮ್ಮ ಬಳಿ ದಾರಿಯಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಲೈನ್ ಮನೆಗಳು. ನಮ್ಮ ಹಿತ್ತಿಲಿನ ಹೊಗೆ ನಿಂತ ಮೇಲೆ ಅಲ್ಲಿನ ಹೊಗೆ ಎದ್ದು ಕಾಣತೊಡಗಿತು. ಸೌದೆ ಕೊಟ್ಟಿಗೆ ಇಲ್ಲದವರಿಗೆ ಎಲೆ ಕೂಡಿಡಲು ಜಾಗವೆಲ್ಲಿ? ಎರಡು ಕೋಣೆಯಲ್ಲಿ ಐವರು ಇರುವ ಮನೆಯಲ್ಲಿ ಪ್ಯಾಕೆಟ್ ಒಣಗಿಸುವ ತಂತಿ ಎಲ್ಲಿ ಕಟ್ಟುವುದು? ದಿನವಿಡೀ ನಮ್ಮ ಕಾಫಿ ಕೊಯ್ದು ಬಂದ ಕೈಗಳಿಗೆ ಹೋಗಿ ಕಸ ಬೇರ್ಪಡಿಸಿ ಎಂದರೆ, ನಾನು ಅತ್ತಿಗೆಗೆ ಮಾಡಿದ್ದನ್ನೇ ಇನ್ನೊಬ್ಬರಿಗೆ ಮಾಡಿದಂತೆ. ಹಾಗಾಗಿ ನಾನು ಏನೂ ಹೇಳಿರಲಿಲ್ಲ. ಮೊನ್ನೆ ಹುತ್ತರಿಯ ಮರುದಿನ ಅಲ್ಲಿರುವ ಅಕ್ಕನೇ ಬಂದು ನಮ್ಮ ಗುಂಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದರು. ಅವರ ಮನೆಯ ಹಿಂದೆ ಸೊಪ್ಪಿನ ಮಡಿ ಇದೆ, ಗೊಬ್ಬರ ಬೇಕಾಗಿದೆ. "ಸೂರಿಗೆ ಹಾಕಿ ಉಳಿದ ಎರಡು ಶೀಟು ಇದೆಯಲ್ಲ ಅಮ್ಮ, ನಮಗೆ ಕೊಡುತ್ತೀರಾ?" ಎಂದು ಅತ್ತಿಗೆಯನ್ನು ಕೇಳಿದರು. ಅತ್ತಿಗೆ ಶೀಟು ಕೊಟ್ಟರು. ಎಲೆಯ ಚೀಲಗಳಿಗೆ ನಮ್ಮ ಕೊಟ್ಟಿಗೆಯ ಒಂದು ಮೂಲೆ ಬಿಟ್ಟುಕೊಡುವುದೆಂದೂ, ಗುಂಡಿ ಅಗೆಯುವ ಎರಡು ದಿನವನ್ನು ಕೂಲಿಯ ದಿನವೆಂದೇ ಲೆಕ್ಕ ಹಿಡಿಯುವುದೆಂದೂ ಅಣ್ಣ ಒಪ್ಪಿದ್ದಾರೆ. ಈಗ ಕೊಯ್ಲು ನಡೆಯುತ್ತಿದೆ, ಯಾರಿಗೂ ಪುರುಸೊತ್ತಿಲ್ಲ. ಕೊಯ್ಲು ಮುಗಿದ ಮೇಲೆ, ಹೂಮಳೆಗೆ ಮೊದಲು ಅಗೆಯುವುದೆಂದು ಮಾತಾಗಿದೆ. ಹುಡುಗ ಈ ಸಲ ಮೂವತ್ತು ಚೀಲ ಎಲೆಯ ಲೆಕ್ಕ ಬರೆದಿದ್ದಾನೆ, ಅದರಲ್ಲಿ ಐದು ಆ ಮನೆಗೆ.